ಗೋಡೆಯಾಚೆ ಹೋದ ಕ್ರಿಸ್ಮಸ್ ಕೇಕು

ನಮ್ಮ ಮನೆಯ ಕ್ರಿಸ್ಮಸ್ ಒಂದು ವರ್ಷವೂ ನೆಟ್ಟಗೆ ನಡೆದದ್ದಿಲ್ಲ. ಅಪ್ಪ ಸರ್ಕಾರಿ ಶಾಲೆಯ ಮಾಸ್ತರ. ಎಂಬತ್ತರ ದಶಕದಲ್ಲಿ ಮಸ್ಕಿ, ಆಮೇಲೆ ಲಿಂಗಸುಗೂರು, ಕಡೆಗೆ ಸಿಂಧನೂರು ಎಂದು ಅವನಿಗೆ ವರ್ಗವಾದಂತೆಲ್ಲ ಹಬ್ಬದ ಫಜೀತಿಯೂ ನಮ್ಮ ಟ್ರಂಕಿನ ಜೊತೆಗೇ ಲಾರಿ ಹತ್ತುತ್ತಿತ್ತು. ಹೋದಲ್ಲೆಲ್ಲ ಓಣಿಗೆ ಕ್ರೈಸ್ತರ ಮನೆ ನಮ್ಮದೊಂದೇ. ಅವ್ವನಿಗಿದ್ದ ಆಸೆಯೂ ಒಂದೇ: ತಾನು ಮಾಡಿದ ಕೇಕನ್ನು ಪಕ್ಕದ ಮನೆಯವರು ತಿನ್ನಬೇಕು. ಅದಕ್ಕಾಗಿ ಅವಳು ಕೇಕಿಗೆ ತತ್ತಿ ಹಾಕುವುದನ್ನೇ ಬಿಟ್ಟಿದ್ದಳು.

೧. ಮಸ್ಕಿಯ ಗಿಡ

ಗ್ರೀಟಿಂಗ್ ಕಾರ್ಡಿನಲ್ಲಿರುವಂಥ ಕ್ರಿಸ್ಮಸ್ ಗಿಡ ಮಸ್ಕಿ ಗುಡ್ಡದ ಸುತ್ತ ಎಲ್ಲಿಂದ ಬರಬೇಕು? ಅಪ್ಪ ಒಂದು ಜಾಲಿ ಟೊಂಗೆ ಕಡಿದು ತಂದು ಎಣ್ಣೆ ಡಬ್ಬಿಯಲ್ಲಿ ನೆಟ್ಟ. ನಾವು ಮಕ್ಕಳು ಗಲ್ಲ ನೋಯುವಂತೆ ಪುಗ್ಗ ಊದಿ ಕಟ್ಟಿದೆವು. ಮುಳ್ಳು ತಾಕಿ ಒಂದೊಂದೇ ಢಬ್ ಢಬ್ ಎಂದು ಒಡೆದವು. ಸದ್ದಿಗೆ ಪಕ್ಕದ ಮನೆಯ ಅಜ್ಜ ಓಡಿ ಬಂದ.

"ಏನ್ರೀ ಮಾಸ್ತರ, ದೀಪಾವಳಿ ಮತ್ತ ಬಂತೇನು?"

"ಇಲ್ರೀ ಯಜಮಾನ್ರ, ಯೇಸುಸ್ವಾಮಿ ಹುಟ್ಟಿದ ಹಬ್ಬ."

ಅಜ್ಜ ಗೋಡೆಯ ಮೇಲಿದ್ದ ಮುಳ್ಳಿನ ಕಿರೀಟದ ಯೇಸುವಿನ ಪಟ ನೋಡಿದ, ಜಾಲಿ ಗಿಡ ನೋಡಿದ. "ಹುಟ್ಟಿದ ದಿನಾರ ಆತನ್ನ ಮುಳ್ಳಿನಿಂದ ಬಿಡಬಾರದೇನ್ರೀ?" ಎಂದ.

ಅವ್ವ ಕೇಕು ತಂದಳು. "ಇವತ್ತ ಸೋಮಾರ ತಾಯಿ, ಹೊರಗಿಂದು ಮುಟ್ಟಂಗಿಲ್ಲ." ಮರುದಿನ ಮಂಗಳವಾರ. ಅದರ ಮರುದಿನ ಅಮಾವಾಸ್ಯೆ. ಅಜ್ಜನ ನೇಮ ಮುಗಿಯುವುದರೊಳಗೆ ಕೇಕಿಗೆ ಬೂಷ್ಟು ಬಂತು.

೨. ಲಿಂಗಸುಗೂರಿನ ತಾತ

ಲಿಂಗಸುಗೂರಿನಲ್ಲಿ ಅಪ್ಪ ಕ್ರಿಸ್ಮಸ್ ತಾತನಾದ. ಅವ್ವನ ಕೆಂಪು ಸೀರೆ ಮೈಗೆ ಸುತ್ತಿ, ಅರಳೆಯ ಗಡ್ಡ ಅಂಟಿಸಿ, ಹೆಗಲಿಗೆ ಚೀಲ, ಕೈಯಲ್ಲಿ ಗಂಟೆ. ಚೀಲದ ತುಂಬ ಪೆಪ್ಪರಮೆಂಟು, ಜೊತೆಗೊಂದು ತಟ್ಟೆಯಲ್ಲಿ ಅವ್ವನ ಕೇಕು. ಓಣಿಯ ಮಕ್ಕಳಿಗೆ ಹಂಚಿ ಬರುತ್ತೇನೆಂದು ಹೊರಟ.

ಮೊದಲ ಮನೆಯಲ್ಲಿ ಗಂಟೆ ಬಾರಿಸಿದ್ದೇ ತಡ, ಆ ಮನೆಯಾಕೆ ಮೊರದಲ್ಲಿ ಜೋಳ ತಂದು ಚೀಲಕ್ಕೆ ಸುರಿದಳು. ಎರಡನೆಯ ಮನೆಯಲ್ಲಿ ಮುದುಕಿಯೊಬ್ಬಳು ಕಾಲಿಗೆ ಬಿದ್ದು, "ಸೊಸಿಗೆ ಈ ಸಲ ಗಂಡಾಗತೈತೇನ್ ಹೇಳಪ್ಪಾ" ಎಂದಳು. ಗಡ್ಡ ಕಿತ್ತು ತೋರಿಸಲು ಮಾಸ್ತರಿಕೆಯ ಮಾನ ಅಡ್ಡ ಬಂತು. ಅಪ್ಪ "ಆಗ್ತೈತಿ" ಎಂದುಬಿಟ್ಟ. ಕೇಕನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ಭಿಕ್ಷೆಗೆ ಬಂದವನ ಕೈಯಿಂದ ಯಾರು ಇಸಿದುಕೊಂಡಾರು?

ಅವ್ವ ಚೀಲ ಎತ್ತಿ ನೋಡಿದಳು. "ಪಗಾರ ತಡ ಆದಾಗೆಲ್ಲ ಹಿಂಗ ಒಂದ್ ಸುತ್ತು ಹಾಕ್ಕೊಂಡ್ ಬರ್ರಿ" ಎಂದಳು.

೩. ಸಿಂಧನೂರಿನ ಗೋಡೆ

ತೊಂಬತ್ತರ ದಶಕಕ್ಕೆ ಸಿಂಧನೂರು. ಪಕ್ಕದಲ್ಲಿ ಭತ್ತದ ಸಾಹುಕಾರರ ಮನೆ, ನಡುವೆ ಎದೆಮಟ್ಟದ ಗೋಡೆ. ಹಬ್ಬದ ದಿನ ಅವ್ವ ಗೋಡೆಯ ಮೇಲಿಟ್ಟ ತಟ್ಟೆಯನ್ನು ಅವರ ಮನೆಯ ಆಳುಮಗಳು ಒಯ್ಯುತ್ತಿದ್ದಳು. ಮರುದಿನ ಸಾಹುಕಾರರ ಹೆಂಡತಿ ಗೋಡೆಗೆ ಬಂದು, "ಅಕ್ಕಾರ, ಕೇಕು ಭಾಳ ಚಲೋ ಆಗಿತ್ರೀ, ಮನಿಮಂದೆಲ್ಲಾ ತಿಂದ್ವಿ" ಎನ್ನುತ್ತಿದ್ದರು. ಅವ್ವನ ಮುಖ ಅರಳುತ್ತಿತ್ತು. ಅಂತೂ ಒಬ್ಬರು ತಿಂದರಲ್ಲ!

ಒಂದು ವರ್ಷ ಗೋಡೆಯಾಚೆ ಬಿದ್ದ ಚೆಂಡು ತರಲು ಹೋದೆ. ಅವರ ಕೊಟ್ಟಿಗೆಯಲ್ಲಿ ಎಮ್ಮೆ ಕಣ್ಣು ಮುಚ್ಚಿ ಕೇಕು ಮೆಲ್ಲುತ್ತಿತ್ತು, ಮೂಗಿನ ಮೇಲೊಂದು ಒಣದ್ರಾಕ್ಷಿ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವ್ವ ನೊಂದುಕೊಂಡಾಳೆಂದು ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ಉಸುಕು ಹಾಕಿದ ಬೋಗುಣಿಯಲ್ಲಿ ಕೇಕು ಬೇಯಲಿಟ್ಟು ಅವ್ವ ಪ್ರಾರ್ಥನೆಗೆ ಕೂತಳು. ಅಪ್ಪನ ಪ್ರಾರ್ಥನೆ ಉದ್ದವಾಯಿತು. ಆಮೆನ್ ಎನ್ನುವ ಹೊತ್ತಿಗೆ ಕೇಕು ಇದ್ದಿಲಾಗಿತ್ತು. ಆ ವರ್ಷ ಗೋಡೆಯ ಮೇಲೆ ತಟ್ಟೆ ಇಡಲೇ ಇಲ್ಲ.

ಮರುದಿನ ಬೆಳಿಗ್ಗೆ, ಕಳಿಸಲಾಗಲಿಲ್ಲವೆಂದು ಹೇಳಲು ಅವ್ವ ಗೋಡೆಗೆ ಹೋದಳು. ಬಾಯಿ ತೆರೆಯುವ ಮೊದಲೇ ಸಾಹುಕಾರರ ಹೆಂಡತಿ ಶುರು ಮಾಡಿದರು: "ಅಕ್ಕಾರ, ಈ ಸಲ ಕೇಕು ಹ್ವಾದ ವರ್ಷಕ್ಕಿಂತ ಮೆತ್ತಗಾಗಿತ್ರೀ. ಮನಿಮಂದೆಲ್ಲಾ ತಿಂದ್ವಿ."

ಅವ್ವ ಸೆರಗು ಸರಿಮಾಡಿಕೊಂಡು ನಕ್ಕಳು.

"ಹೌದೇನ್ರೀ? ಈಗ ಜೀವ ಹಗುರಾತು ನೋಡ್ರಿ. ನಮ್ಮನ್ಯಾಗ ಕೇಕು ಸೀದು ಹೋಗಿ ಕಳಸಾಕಾಗ್ಲಿಲ್ಲ. ಹಬ್ಬದ ದಿನ ನಿಮ್ಮ ಎಮ್ಮಿ ಉಪಾಸ ಬಿತ್ತಲ್ಲಾ ಅಂತ ರಾತ್ರೆಲ್ಲಾ ನಿದ್ದಿ ಹತ್ತಿದ್ದಿಲ್ಲ."