ಬ್ಯಾಡಗಿ ಮೆಣಸಿನಕಾಯಿ ಮತ್ತು ನನ್ನ ಕಂಪ್ಯೂಟರ್ ಲೇಖನ

ನಾನು ಬರೆದದ್ದು ಅಚ್ಚಾಗುವ ಮೊದಲು ಏನಾದರೊಂದು ಭಾನಗಡಿ ಆಗದೇ ಹೋದರೆ ನನಗೇ ಅನುಮಾನ ಬರುತ್ತದೆ. ಕಥೆ, ಕವಿತೆ ಬರೆಯುವವರಿಗೆ ಇಷ್ಟು ಫಜೀತಿ ಇರಲಿಕ್ಕಿಲ್ಲ. ನಾನು ಬರೆಯುತ್ತಿದ್ದದ್ದು ಕಂಪ್ಯೂಟರ್ ಪ್ರೋಗ್ರಾಮುಗಳ ಬಗ್ಗೆ, ಅದೂ ತೊಂಬತ್ತರ ದಶಕದ ಆರಂಭದಲ್ಲಿ, ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು.

ಅಂಗಡಿಯ ಸಾಹುಕಾರರು ಯಾರದೋ ಮಾತು ಕೇಳಿ ಒಂದು ಕಂಪ್ಯೂಟರ್ ತಂದು ಅಲ್ಲಿ ತರಬೇತಿ ಕೇಂದ್ರ ತೆರೆದಿದ್ದರು. ಕಲಿಸುವವನು ನಾನು. ಕಲಿಯುವವರು ಮಾತ್ರ ಇರಲಿಲ್ಲ. “ಜೂನ್ ಒಳಗ ಒಬ್ಬರರೇ ಹೆಸರು ಹಚ್ಚಬೇಕು ಮಾಸ್ತರ. ಇಲ್ಲಾಂದ್ರ ಆ ಖೋಲ್ಯಾಗ ಹತ್ತಿಬೀಜದ ಚೀಲ ಒಟ್ಟಸ್ತೀನಿ,” ಎಂದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ನನ್ನ ಲೇಖನ ಬಂದರೆ ಜನಕ್ಕೆ ನಂಬಿಕೆ ಬರುತ್ತದೆ ಎಂದು ನಾನೇ ಅವರಿಗೆ ಧೈರ್ಯ ಹೇಳಿದ್ದೆ. ಹೇಳಿದ ಮೇಲೆ ನನ್ನ ಧೈರ್ಯ ಹೋಯಿತು.

ಪ್ರಾರ್ಥನೆ ಇಲ್ಲದ ಕಾಗದ

ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ. ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಟೈಪ್ ಮಾಡುವವರೆಂದರೆ ಹಾವೇರಿಯ ಕೋರ್ಟಿನ ಎದುರು ಕೂತು ಅರ್ಜಿ, ದಾವೆ ಟೈಪ್ ಮಾಡಿಕೊಡುತ್ತಿದ್ದ ಒಬ್ಬ ಹಿರಿಯರು. ಮೆಣಸಿನಕಾಯಿ ದಲಾಲರ ಲೆಕ್ಕ ಬರೆಯುವ ಪ್ರೋಗ್ರಾಮಿನ ಬಗ್ಗೆ ನಾನು ಬರೆದದ್ದನ್ನೆಲ್ಲ ಅವರು ಓದಿ ಕನ್ನಡಕ ತೆಗೆದರು.

“ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ನೀವು ಕೇಳೂದು ಏನು?”

“ಏನೂ ಕೇಳೂದಿಲ್ರಿ. ಬರೇ ತಿಳಿಸೂದು,” ಎಂದೆ.

ಅವರಿಗೆ ಅದು ಸರಿಬಂದಂತೆ ಕಾಣಲಿಲ್ಲ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಟೈಪ್ ಮಾಡಿ, ಲಕೋಟೆಗೂ ಹಾಕಿಟ್ಟಿದ್ದರು. ಬಸ್ಸಿನ ಗಡಿಬಿಡಿಯಲ್ಲಿ ನಾನು ಬಿಚ್ಚಿ ನೋಡದೆ ಅಂಚೆಗೆ ಹಾಕಿದೆ.

ಸಂಪಾದಕರ ಉತ್ತರ ಬಂತು: “ಪ್ರೋಗ್ರಾಮು ಚೆನ್ನಾಗಿರುವಂತಿದೆ, ಫ್ಲಾಪಿಯಲ್ಲಿ ಕಳಿಸಿ. ಆದರೆ ಕೊನೆಯಲ್ಲಿ ತಾವು ಪ್ರಾರ್ಥಿಸಿರುವಂತೆ ಎದುರುದಾರರಿಂದ ಖರ್ಚುವೆಚ್ಚ ಕೊಡಿಸುವ ಅಧಿಕಾರ ನಮಗಿಲ್ಲ.”

ಸಿಟ್ಟು ಬಂದು ಹಾವೇರಿಗೆ ಹೋಗಿ ಕೇಳಿದರೆ ಆ ಹಿರಿಯರು ನಗಲೂ ಇಲ್ಲ. “ಕೆಳಗ ಪ್ರಾರ್ಥನಾ ಇಲ್ಲದ ಕಾಗದ ನಾ ಇವತ್ತಿನ ತನಕ ಕೈಯಿಂದ ಬಿಟ್ಟಿಲ್ರಿ. ನಿಮಗ ಉತ್ತರ ಬಂತೋ ಇಲ್ಲೋ? ಮತ್ತ ಅದು ಯಾತರಿಂದ ಬಂತು?”

ಸೀನು

ಫ್ಲಾಪಿ ಬಾಗಬಾರದು, ಮುರಿಯಬಾರದು. ಹೇಗೆ ಕಳಿಸುವುದೆಂದು ಬ್ಯಾಡಗಿಯಲ್ಲಿ ನನ್ನ ಅಕ್ಕನ ಮುಂದೆ ತಲೆ ಕೆರೆದುಕೊಂಡೆ. ಅವಳ ಗಂಡ ಮೆಣಸಿನಕಾಯಿ ದಲಾಲರು.

“ನಮ್ಮ ಸ್ಯಾಂಪಲ್ಲು ಮುಂಬೈತನಕ ಹೋಗ್ತಾವ. ನಿನ್ನ ಹಪ್ಪಳ ಬೆಂಗಳೂರಿಗೆ ಹೋಗೂದಿಲ್ಲೇನು?” ಎಂದು ಅಕ್ಕ ಫ್ಲಾಪಿಯನ್ನು ಎರಡು ರಟ್ಟಿನ ನಡುವೆ ಇಟ್ಟು, ಸ್ಯಾಂಪಲ್ ಕಳಿಸುವ ದಪ್ಪ ಅರಿವೆಯ ಚೀಲದೊಳಗೆ ಹಾಕಿ ಹೊಲಿದುಕೊಟ್ಟಳು. ಚೀಲ ಗಟ್ಟಿ ಇತ್ತು. ಅದನ್ನು ಯಾರೂ ಎಂದೂ ಒಗೆದಿರಲಿಲ್ಲ.

ಸಂಪಾದಕರು ಮತ್ತೆ ಬರೆದರು. ಫ್ಲಾಪಿ ಸುರಕ್ಷಿತವಾಗಿ ತಲುಪಿದೆ, ಚೀಲ ಬಿಚ್ಚಿದ ಮೇಲೆ ಇಡೀ ಆಫೀಸು ಸಂಜೆಯವರೆಗೆ ಸೀನಿತು, ಪ್ರೋಗ್ರಾಮಿನ ಬಗ್ಗೆ ಇನ್ನೂ ವಿಚಾರ ಮಾಡುತ್ತಿದ್ದೇವೆ. ಕೆಳಗೆ ಬೇರೆ ಪೆನ್ನಿನಲ್ಲಿ ಇನ್ನೊಂದು ಸಾಲು: “ಈ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ? ಮನೆಯವರು ಕೇಳುತ್ತಿದ್ದಾರೆ.”

ನಾನು ತಡಮಾಡದೆ ಒಂದು ಚೀಲ ಕಳಿಸಿದೆ. ಲೇಖನ ಸ್ವೀಕೃತವಾಯಿತು. ಪ್ರೋಗ್ರಾಮಿನಿಂದಲೋ ಮೆಣಸಿನಕಾಯಿಯಿಂದಲೋ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಕಂಪ್ಯೂಟರ್ ರೇಟು

ಪತ್ರಿಕೆ ಬಂದಾಗ ಮೇ ತಿಂಗಳು. ಸಾಹುಕಾರರಿಗೆ ಲೇಖನ ತಿಳಿಯಲಿಲ್ಲ, ಆದರೆ ಖುಷಿಯಾಯಿತು. ಆ ಪುಟ ಕತ್ತರಿಸಿ ಅಂಗಡಿಯ ಗೋಡೆಗೆ ಹಚ್ಚಿದರು. ಪುಟದ ಕೆಳಗೆ, ಪ್ರೋಗ್ರಾಮು ಹೇಗೆ ಲೆಕ್ಕ ಕೊಡುತ್ತದೆಂದು ತೋರಿಸಲು ಒಂದು ಮಾದರಿ ಇತ್ತು: ಬ್ಯಾಡಗಿ ಮೆಣಸಿನಕಾಯಿ, ಇಷ್ಟು ಚೀಲ, ಕ್ವಿಂಟಲಿಗೆ ಇಷ್ಟು ರೇಟು. ಬೀಜಕ್ಕೆ ಬಂದವರಿಗೆಲ್ಲ ಸಾಹುಕಾರರು ಅದನ್ನೇ ಓದಿ ಹೇಳುತ್ತಿದ್ದರು. “ನೋಡ್ರಿ, ಕಂಪ್ಯೂಟರ್ ಹಿಂಗ ಹೇಳೇತಿ.”

ಕುಪ್ಪೇಲೂರಿನ ರೈತರೊಬ್ಬರು ಆ ಪುಟವನ್ನು ಗೋಡೆಯಿಂದ ಬಿಡಿಸಿಕೊಂಡು ಹೋದರು. ಮರುದಿನ ಅವರು ನಮ್ಮ ಮೆಟ್ಟಿಲು ಹತ್ತಿ ಬಂದಾಗ ಜೊತೆಗೆ ನನ್ನ ಅಕ್ಕನ ಗಂಡನೂ ಇದ್ದರು, ಮುಖ ಅವರ ಸರಕಿನ ಬಣ್ಣಕ್ಕೆ ತಿರುಗಿತ್ತು.

“ಏನು ಬರದೀಪಾ ಇದು? ಇವ್ರು ಬ್ಯಾಡಗ್ಯಾಗ ಚೀಲ ಬಿಚ್ಚವಲ್ರು. ಪ್ಯಾಟಿ ರೇಟಿಗಿಂತ ಹೆಚ್ಚಿನ ಈ ಕಂಪ್ಯೂಟರ್ ರೇಟ ಕೊಡು ಅಂತ ಕುಂತಾರ.”

ಅವರ ಹಿಂದೆ ಸಾಹುಕಾರರೂ ಬಂದು ಬಾಗಿಲಲ್ಲಿ ನಿಂತರು. ಖರೇ ಹೇಳಿದರೆ ಕೇಂದ್ರದ ಮರ್ಯಾದೆ ಹೋಗಿ ಹತ್ತಿಬೀಜದ ಚೀಲಗಳು ಬರುತ್ತವೆ. ಹೇಳದಿದ್ದರೆ ಈ ರೈತರು ಸಿಗುವ ರೇಟನ್ನೂ ಕಳೆದುಕೊಳ್ಳುತ್ತಾರೆ.

“ಅದು ಬರೇ ಉದಾಹರಣೆ ರೀ,” ಎಂದೆ. “ಕಂಪ್ಯೂಟರ್ ಏನೂ ಹೇಳಿಲ್ಲ. ಆ ರೇಟು ನಾನ ಮನಸ್ಸಿಗೆ ಬಂದಂಗ ಹಾಕೇನಿ.”

ಸಾಹುಕಾರರು ಕೋಣೆಯ ಉದ್ದಗಲ ಕಣ್ಣಲ್ಲೇ ಅಳೆಯತೊಡಗಿದರು. ರೈತರು ಪುಟವನ್ನು ಇನ್ನೊಮ್ಮೆ ನೋಡಿದರು.

“ಅಂದ್ರ ಯಾರೂ ಇಷ್ಟ ಹಾಕು ಅಂತ ಹೇಳಿದ್ದಿಲ್ಲ?”

“ಇಲ್ರಿ.”

“ನಿಮ್ಮ ಕೈಯಾಗ ಇತ್ತು?”

“ಹೌದ್ರಿ.”

“ಮತ್ತ ಇಷ್ಟ ಯಾಕ ಹಾಕಿದ್ರಿ? ಇನ್ನಷ್ಟು ಹಾಕಬಾರದಿತ್ತೇನು?”

ರೈತರು ನನ್ನ ಮುಖವನ್ನು ಮರುಕದಿಂದ ನೋಡಿ, ಸಾಹುಕಾರರ ಕಡೆ ತಿರುಗಿದರು.

“ಸಾವ್ಕಾರ್ರ, ನನ್ನ ಮಗಳು ಪಿಯುಸಿ ಮುಗಿಸ್ಯಾಳ. ನಾಳೆನ ಆಕಿ ಹೆಸರು ಹಚ್ಚಿಕೋರಿ. ಮುಂದಿನ ವರ್ಷದ ರೇಟು ಆಕಿನ ಹಾಕ್ಲಿ. ಈ ಮಾಸ್ತರ ಕೈ ಭಾಳ ಬಿಗಿ ಐತಿ.”