ಹದಿನೇಳು ನಿಮಿಷದ ಡಾಕ್ಟರು

ಎಲ್ಲ ಅನಾಹುತಕ್ಕೂ ಕಾರಣ ಹದಿನೇಳು ನಿಮಿಷ.

ಬೆಳಗಿನ ಆರು ಹತ್ತರ ರೈಲು ಜಂಕ್ಷನ್ ತಲುಪುವುದು ಹತ್ತು ಮೂವತ್ತೈದಕ್ಕೆ. ಅಲ್ಲಿಂದ ಮುಂದಿನ ರೈಲು ಹೊರಡುವುದು ಹತ್ತು ಐವತ್ತೆರಡಕ್ಕೆ. ನಡುವೆ ಹದಿನೇಳು ನಿಮಿಷ. ಈ ಲೆಕ್ಕವನ್ನು ಹಾಕಿಕೊಟ್ಟವರು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ಅವರು ರೈಲು ಹತ್ತಿ ಹನ್ನೊಂದು ವರ್ಷವಾಗಿದ್ದರೂ ಬೀದಿಯಲ್ಲಿ ಯಾರು ಎಲ್ಲಿಗೆ ಹೊರಟರೂ ದಾರಿ ಹೇಳುವ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ.

"ಹಿಂದಿನ ದಿನಾನೇ ಹೋಗಿಬಿಡ್ತೀನಿ ಸಾರ್, ಯಾವುದಕ್ಕೂ ಇರ್ಲಿ," ಎಂದಿದ್ದ ಎಣ್ಣೆಬುಡ್ಡಿ.

"ಹೋಗಿ ಎಲ್ಲಿ ಬಿದ್ಕೋತೀಯ? ಸೊಳ್ಳೆ ಕಚ್ಚಿಸ್ಕೊಂಡು ಮುಖ ಊದಿಸ್ಕೊಂಡು ಕೆಲಸ ಕೇಳೋಕೆ ಹೋಗ್ತೀಯಾ? ಹದಿನೇಳು ನಿಮಿಷ ಅಂದ್ರೆ ಏನಂದ್ಕೊಂಡೆ? ಇಳಿದು, ಕಾಫಿ ಕುಡಿದು, ಪೇಪರ್ ಓದಿ, ಆಮೇಲೂ ಹೊತ್ತು ಹೋಗಲ್ಲ ಅಂತ ಒದ್ದಾಡ್ತೀಯ ಕಣಯ್ಯಾ!"

ಎಣ್ಣೆಬುಡ್ಡಿ ಎಂಬುದು ಅವನಿಗೆ ತಂದೆ ತಾಯಿ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾ, ಮೂತಿ ಉದ್ದದ ಎಣ್ಣೆಡಬ್ಬಿಯೊಂದನ್ನು ಸದಾ ಕೈಯಲ್ಲಿ ಹಿಡಿದು ಓಡಾಡಿದ್ದಕ್ಕೆ ಬೀದಿಯವರು ಕೊಟ್ಟ ಬಿರುದು. ಎಂಥ ಮೊಂಡು ಮೆಷಿನ್ನೂ ಅವನ ಕೈ ಸೋಕಿದರೆ ಹಸುವಿನ ಹಾಗೆ ಸಾಧುವಾಗುತ್ತಿತ್ತು. ಆದರೆ ಈಗ ಮನೆಯಲ್ಲಿ ಹೊಲಿಯುವವರು ಯಾರು? ಅಂಗಡಿಯ ಬಾಗಿಲು ತೆಗೆದರೆ ನೊಣ, ಮುಚ್ಚಿದರೆ ಇಲಿ. ಹೀಗಿರುವಾಗ ದೂರದ ಊರಿನ ಸಿದ್ಧ ಉಡುಪಿನ ಕಾರ್ಖಾನೆಯೊಂದರಿಂದ ಕಾಗದ ಬಂದಿತ್ತು. ನೂರಿಪ್ಪತ್ತು ಮೆಷಿನ್‌ಗಳನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಬೇಕು. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಬರತಕ್ಕದ್ದು. ಕೆಟ್ಟ ಮೆಷಿನ್ ಒಂದನ್ನು ಎದುರಿಗೇ ಸರಿಮಾಡಿ ತೋರಿಸತಕ್ಕದ್ದು. 'ಸರಿಯಾಗಿ' ಎಂಬ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

"ರೀ, ನನ್ನ ಮಾತು ಕೇಳಿ, ಮಂಗಳವಾರಾನೇ ಹೊರಡಿ," ಎಂದಳು ಹೆಂಡತಿ.

ಹೆಂಡತಿಯ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ರೈಲು ಆರು ಹತ್ತಕ್ಕೆ ಹೊರಟಿತು. ಒಂಬತ್ತೂವರೆಯವರೆಗೆ ಹೊಸ ಅಳಿಯನ ಹಾಗೆ ಗಂಭೀರವಾಗಿ ನಡೆದುಕೊಂಡಿತು. ಆಮೇಲೆ ಬಯಲ ನಡುವೆ, ಸಿಗ್ನಲ್ ಕಂಬವೊಂದರ ಮುಂದೆ ನಿಂತುಬಿಟ್ಟಿತು. ಐದು ನಿಮಿಷವಾಯಿತು, ಹತ್ತಾಯಿತು. ಎಣ್ಣೆಬುಡ್ಡಿ ಕಿಟಕಿಯಿಂದ ಕತ್ತು ಚಾಚಿ ಚಾಚಿ ಕೊಕ್ಕರೆಯಾದ.

ಎದುರು ಸೀಟಿನಲ್ಲಿ ನಿವೃತ್ತ ಹೆಡ್‌ಮೇಡಂ ಒಬ್ಬರು ಕೂತಿದ್ದರು. ಮೂವತ್ತು ವರ್ಷ ಶಾಲೆಯನ್ನು ಕಣ್ಣಲ್ಲೇ ಆಳಿದವರು. "ಯಾಕಪ್ಪಾ, ಚಡಪಡಿಸ್ತಿದ್ದೀಯ? ಕೂತ್ಕೋ," ಎಂದರು. ಎಣ್ಣೆಬುಡ್ಡಿ ಥಟ್ಟನೆ ಕೂತ. ಕೈ ಕಟ್ಟಿಕೊಳ್ಳುವುದೊಂದು ಬಾಕಿ.

"ಜಂಕ್ಷನ್ನಲ್ಲಿ ಇನ್ನೊಂದು ರೈಲು ಹಿಡೀಬೇಕು ಮೇಡಂ. ಹದಿನೇಳೇ ನಿಮಿಷ ಇತ್ತು. ಈಗ ಅದೂ ಹೋಯ್ತು. ಮೂರು ಗಂಟೆಗೆ ನಾನಲ್ಲಿ ಇರಲೇಬೇಕು. ಅವರ ಎದುರಿಗೇ ಬಿಚ್ಚಿ, ಒಳಗೆ ಕೆಟ್ಟಿರೋದನ್ನ ತೆಗೆದು, ಮತ್ತೆ ಓಡೋ ಹಾಗೆ ಮಾಡಿ ತೋರಿಸ್ಬೇಕು. ಒಂದು ನಿಮಿಷ ತಡವಾದ್ರೂ ಕತೆ ಮುಗೀತು."

ಈ ಮಾತು ಬಿದ್ದದ್ದು ಮೇಡಂ ಕಿವಿಗಷ್ಟೇ ಅಲ್ಲ. ಮೇಲಿನ ಬರ್ತ್‌ನಲ್ಲಿ ಕಂಬಳಿ ಹೊದ್ದು ಮಲಗಿದ್ದ ಕೊಡೆ ವ್ಯಾಪಾರಿಯೂ ಆಗತಾನೆ ಎಚ್ಚರಗೊಂಡಿದ್ದ. ಅವನು ಆಮೆಯಂತೆ ತಲೆ ಹೊರಗೆ ಹಾಕಿದ. "ಚೀಲದಲ್ಲಿ ಏನಿದೆ ಸಾರ್?"

"ಇನ್ನೇನಿರುತ್ತೆ? ಸೂಜಿ, ಕತ್ತರಿ, ಇಕ್ಕಳ, ದಾರ."

ಕೊಡೆ ವ್ಯಾಪಾರಿಯ ಕಣ್ಣು ಅಗಲವಾದವು. ಧೊಪ್ಪನೆ ಕೆಳಗಿಳಿದ. "ಮೇಡಂ, ಆಪರೇಷನ್ ಡಾಕ್ಟ್ರು! ಹಾರ್ಟಿಂದೇ ಇರ್ಬೇಕು! 'ಮತ್ತೆ ಓಡೋ ಹಾಗೆ ಮಾಡ್ಬೇಕು' ಅಂದ್ರಲ್ಲ, ಕೇಳಿಸ್ಕೊಂಡ್ರಾ?"

"ಅಯ್ಯೋ, ಅಲ್ಲ ಸ್ವಾಮಿ, ನಾನು ಮೆಷಿನ್ನು..."

"ಮೆಷಿನ್ ಇಟ್ಕೊಂಡೇ ಮಾಡ್ತಾರೆ ಈಗೆಲ್ಲ. ನಮ್ಮ ಷಡ್ಡಕನಿಗೂ ಹಾಗೇ ಮಾಡಿದ್ರು."

"ಡಾಕ್ಟ್ರೇ, ಮೊದಲೇ ಹೇಳ್ಬಾರ್ದಿತ್ತಾ? ಏಕವಚನದಲ್ಲಿ ಮಾತಾಡ್ಸಿಬಿಟ್ಟೆ," ಎಂದು ಹೆಡ್‌ಮೇಡಂ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅವರು ಎದ್ದರೆಂದರೆ ಶಾಲೆಯಲ್ಲಿ ಗಂಟೆ ಹೊಡೆದ ಹಾಗೆ. ಎಣ್ಣೆಬುಡ್ಡಿ "ಮೇಡಂ, ಮೇಡಂ" ಎನ್ನುತ್ತಾ ಹಿಂದೆ ಓಡಿದ. ಆದರೆ ಅಷ್ಟರಲ್ಲಿ ಅವರು ಟಿಕೆಟ್ ಪರೀಕ್ಷಕನನ್ನು ಹಿಡಿದು ನಿಲ್ಲಿಸಿಯಾಗಿತ್ತು.

"ಒಂದು ಜೀವದ ಪ್ರಶ್ನೆ. ಜಂಕ್ಷನ್ನಿಗೆ ಫೋನ್ ಮಾಡಿ ಆ ರೈಲನ್ನ ನಿಲ್ಲಿಸಿ."

"ಹಾಗೆಲ್ಲ ನಿಲ್ಸೋಕೆ ಆಗಲ್ಲ ಮೇಡಂ, ರೂಲ್ಸು..."

"ಯಾವ ಶಾಲೆ ನೀನು?"

ಪರೀಕ್ಷಕ ಫೋನ್ ತೆಗೆದ.

"ಸಾರ್, ನಾನು ಡಾಕ್ಟ್ರಲ್ಲ," ಎಂದ ಎಣ್ಣೆಬುಡ್ಡಿ ಗಟ್ಟಿಯಾಗಿ. ಅದೇ ಕ್ಷಣದಲ್ಲಿ ಎಂಜಿನ್ನು ಅವನಿಗಿಂತ ಗಟ್ಟಿಯಾಗಿ ಕೂಗಿತು. ರೈಲು ಹೊರಟಿತು.

ಜಂಕ್ಷನ್ ತಲುಪಿದಾಗ ಹತ್ತು ಐವತ್ತೆಂಟು. ಹೋಗಲಿ ಬಿಡು, ರೈಲು ಹೋಗಿರುತ್ತೆ, ನಾಟಕವೂ ಮುಗಿಯಿತು ಎಂದು ಎಣ್ಣೆಬುಡ್ಡಿ ಅರ್ಧ ದುಃಖ ಅರ್ಧ ನೆಮ್ಮದಿಯಲ್ಲಿ ಇಳಿದ. ಇಳಿದರೆ ಇಬ್ಬರು ಪೋರ್ಟರುಗಳು ಕಾದು ನಿಂತಿದ್ದಾರೆ! ಒಬ್ಬ ಚೀಲ ಕಿತ್ತುಕೊಂಡ, ಇನ್ನೊಬ್ಬ ಅವನ ರಟ್ಟೆ ಹಿಡಿದ. "ದಾರಿ ಬಿಡಿ, ಡಾಕ್ಟ್ರು, ದಾರಿ ಬಿಡಿ!" ಒಂದನೇ ಪ್ಲಾಟ್‌ಫಾರ್ಮಿನಿಂದ ಐದನೆಯದಕ್ಕೆ, ಮೇಲ್ಸೇತುವೆಯ ಐವತ್ತು ಮೆಟ್ಟಿಲು ಹತ್ತಿ, ಐವತ್ತು ಇಳಿದು, ಎಣ್ಣೆಬುಡ್ಡಿಯ ಕಾಲು ನೆಲಕ್ಕೆ ತಗುಲಿದ್ದು ಎರಡೋ ಮೂರೋ ಸಲ. ಹಿಂದಿನಿಂದ ಕೊಡೆ ವ್ಯಾಪಾರಿ ಕೂಗುತ್ತಿದ್ದ: "ಕೈ ಹುಷಾರು ಸಾರ್! ಕೈ ನಡುಗಬಾರ್ದು!"

ಐದನೇ ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಂತೇ ಇತ್ತು. ಬಾಗಿಲುಗಳಲ್ಲಿ ಜನ ತೋರಣದಂತೆ ಜೋತುಬಿದ್ದು ನೋಡುತ್ತಿದ್ದರು. ಹನ್ನೆರಡು ನಿಮಿಷ ಕಾದವರ ಮುಖಗಳು. ನಾನು ಹೊಲಿಗೆ ಮೆಷಿನ್ ರಿಪೇರಿಯವನು ಎಂದು ಈಗ ಬಾಯಿ ಬಿಟ್ಟರೆ ಇವರು ನನ್ನನ್ನೇ ಬಿಚ್ಚಿ ಹೊಲಿಯುತ್ತಾರೆ ಎಂದು ಎಣ್ಣೆಬುಡ್ಡಿಗೆ ಖಾತ್ರಿಯಾಯಿತು. ಕೈ ಮುಗಿದು ಒಳಗೆ ಹೋದ. ಇಡೀ ಬೋಗಿ ಚಪ್ಪಾಳೆ ತಟ್ಟಿತು.

ಮೂರು ಗಂಟೆಯ ಪ್ರಯಾಣ. ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕೂತುಬಿಟ್ಟರೆ ಯಾರೂ ಕೇಳರು ಎಂದುಕೊಂಡ. ಅರ್ಧ ಗಂಟೆ ಹಾಗೆಯೇ ಕಳೆಯಿತು. ಆಮೇಲೆ ಯಾರೋ ಭುಜ ಅಲುಗಾಡಿಸಿದರು. ನೋಡಿದರೆ ಗಾರ್ಡು.

"ಕ್ಷಮಿಸಿ ಡಾಕ್ಟ್ರೇ. ಮುಂದಿನ ಬೋಗೀಲಿ ಒಬ್ಬರಿಗೆ ಎದೆ ಉರೀತಿದೆಯಂತೆ. ಉಸಿರಾಡೋಕೆ ಕಷ್ಟ ಪಡ್ತಿದಾರೆ. ದೇವರ ಹಾಗೆ ನೀವಿದ್ದೀರಿ."

"ನೋಡಿ ಸ್ವಾಮಿ, ನಾನು ನಿಜವಾಗ್ಲೂ..."

"ಬರೀ ಹಾರ್ಟಿನವರು ಅಂತ ಗೊತ್ತು. ಆದ್ರೂ ಒಂದ್ಸಲ ಬಂದು ನೋಡಿ."

ಮುಂದಿನ ಬೋಗಿಯಲ್ಲಿ ಭಾರಿ ದೇಹದವರೊಬ್ಬರು ಸೀಟಿನ ತುಂಬ ಹರಡಿಕೊಂಡು ನರಳುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಗಾಳಿ ಬೀಸುತ್ತಿದ್ದರು. ಎಣ್ಣೆಬುಡ್ಡಿಯನ್ನು ಕಂಡದ್ದೇ ಆಕೆ ಗಂಡನ ಕೈ ತೆಗೆದು ಅವನ ಕೈಗೆ ಇಟ್ಟರು. ಇನ್ನು ಬಿಡುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ. ನಾಡಿ ಎಲ್ಲಿರುತ್ತದೆಂಬುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ, ಕೆಟ್ಟ ಮೆಷಿನ್ನಿಗೆ ಕಿವಿಗೊಡುವ ಹಾಗೆ, ತಲೆ ಓರೆ ಮಾಡಿ ಆಲಿಸಿದ. ಒಳಗಿನಿಂದ ಗುಡುಗುಡು ಸದ್ದು ಬರುತ್ತಿತ್ತು.

"ಎಷ್ಟು ವರ್ಷದಿಂದ ಓಡ್ತಾ ಇದೆ?" ಬಾಯಿ ತಪ್ಪಿ ಬಂದ ಮಾತು.

"ಅವರಿಗೆ ಐವತ್ತೆಂಟು ಡಾಕ್ಟ್ರೇ."

"ನಿನ್ನೆ ಏನು ಹಾಕಿದ್ರಿ?"

"ತಂಗಿ ಮನೆಗೆ ಹೋಗಿದ್ವಿ. ಎರಡು ದಿನ ಬರೀ ಕರಿದದ್ದೇ. ಬೇಡ ಅಂದ್ರೂ ಕೇಳ್ಲಿಲ್ಲ."

ಎಣ್ಣೆಬುಡ್ಡಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂತು. ಈ ರೋಗ ಅವನಿಗೆ ಇಪ್ಪತ್ತೆರಡು ವರ್ಷದಿಂದ ಪರಿಚಯ. "ಎಣ್ಣೆ ಹೆಚ್ಚಾಗಿದೆ," ಎಂದ. "ಎಣ್ಣೆ ಹೆಚ್ಚಾದ್ರೆ ಎಂಥ ಗಟ್ಟಿ ಗಾಡಿನೂ ಹೀಗೇ ಏದುಸಿರು ಬಿಡುತ್ತೆ. ಬಿಸಿನೀರು ಕೊಡಿ. ನೇರವಾಗಿ ಕೂರ್ಸಿ. ಒಂದೆರಡು ದಿನ ಪೂರ್ತಿ ನಿಲ್ಲಿಸ್ಬೇಕು. ಮನೆಗೆ ಹೋಗಿ ಮಲಗೋದಷ್ಟೇ. ಕೆಲಸ ಗಿಲಸ ಏನೂ ತಲೆಗೆ ಹಚ್ಕೊಳ್ಳೋ ಹಾಗಿಲ್ಲ. ಊರು ಮುಟ್ಟಿದ ತಕ್ಷಣ ನಿಮ್ಮ ಡಾಕ್ಟ್ರಿಗೂ ತೋರ್ಸಿಬಿಡಿ."

ನಾಲ್ವರು ಸೇರಿ ಅವರನ್ನು ಎತ್ತಿ ಕೂರಿಸಿದರು. ಬಿಸಿನೀರು ಎರಡು ಗುಟುಕು ಒಳಗೆ ಹೋದದ್ದೇ ತಡ, ಅವರ ಹೊಟ್ಟೆಯ ಆಳದಿಂದ ತೇಗೊಂದು ಹೊರಟಿತು. ಅದು ತೇಗಲ್ಲ, ತೋಪು. ಮೂರು ಸೀಟು ಆಚೆ ನಿದ್ದೆ ಮಾಡುತ್ತಿದ್ದವರು ಊರು ಬಂತೆಂದು ಎದ್ದು ಚೀಲ ಹಿಡಿದರು.

"ಆಹಾ!" ಎಂದರು ಭಾರಿ ದೇಹದವರು. "ಇಳೀತು. ಎದೆ ಮೇಲಿನ ಕಲ್ಲೇ ಇಳೀತು!"

ಹೆಂಡತಿ ಕಣ್ಣೊರೆಸಿಕೊಂಡರು. ಗಾರ್ಡು ಸಲ್ಯೂಟ್ ಹೊಡೆದ. ಎಣ್ಣೆಬುಡ್ಡಿ ಹೆಸರು ಕೇಳಿಯಾರೆಂದು ಹೆದರಿ ತನ್ನ ಬೋಗಿಗೆ ಓಡಿದ. ಊರು ಬರುವವರೆಗೂ ಶೌಚಾಲಯದ ಪಕ್ಕದಲ್ಲೇ ಅವಿತು ನಿಂತ.

ಎರಡು ಗಂಟೆಗೆ ಇಳಿದ. ಎರಡು ಮುಕ್ಕಾಲಿಗೆ ಕಾರ್ಖಾನೆಯ ಗೇಟಿನ ಎದುರಿದ್ದ. ರಸ್ತೆಯ ನಲ್ಲಿಯಲ್ಲಿ ಮುಖ ತೊಳೆದ, ತಲೆ ಬಾಚಿದ, ಜೇಬಿನಿಂದ ಕಾಗದ ತೆಗೆದು ಮಡಿಕೆ ಬಿಡಿಸಿದ. ಹದಿನೈದು ನಿಮಿಷ ಮೊದಲೇ! ಪೋಸ್ಟ್‌ಮಾಸ್ಟರರ ಲೆಕ್ಕ ಕೊನೆಗೂ ಸರಿಹೋಯಿತಲ್ಲ ಎಂದು ನಗು ಬಂತು. ನಡುವೆ ನಡೆದದ್ದು ನಡೆಯಿತು, ಯಾರಿಗೆ ಗೊತ್ತಾಗಬೇಕು?

ಆಗ ಗೇಟಿನ ಒಳಗಿನಿಂದ ಹೆಂಗಸಿನ ದನಿ ಕೇಳಿತು: "ಅಯ್ಯೋ, ಡಾಕ್ಟ್ರೇ!"

ರೈಲಿನ ಅದೇ ಅಮ್ಮ. ಕಾರ್ಖಾನೆ ಅವರದ್ದೇ, ಅಂಗಳದ ಆಚೆ ಬದಿಗೇ ಮನೆ. "ಈ ಊರಿನ ಡಾಕ್ಟ್ರು ಸಂಜೆವರೆಗೂ ಬರಲ್ವಂತೆ. ಏನು ಮಾಡ್ಲಿ ಅಂತ ಬಾಗಿಲಿಗೆ ಬಂದ್ರೆ ನೀವೇ ನಿಂತಿದ್ದೀರಿ! ಮನಸ್ಸು ತಡೀದೆ ನೋಡೋಕೆ ಬಂದ್ರಾ? ಎಂಥ ದೊಡ್ಡತನ! ಬನ್ನಿ, ಮೇಲೆ ಮಲಗಿದಾರೆ."

"ಅಮ್ಮಾ, ನಾನು ಮೂರು ಗಂಟೆಗೆ..."

"ಐದೇ ನಿಮಿಷ. ಆಪರೇಷನ್ನಿಗೆ ನಾನೇ ಕಾರಲ್ಲಿ ಕಳಿಸ್ತೀನಿ."

ಎಣ್ಣೆಬುಡ್ಡಿ ಕಾಗದವನ್ನು ಜೇಬಿಗೆ ತುರುಕಿಕೊಂಡ. ಮೆಟ್ಟಿಲು ಹತ್ತುವಾಗ ಅಂಗಳದಾಚೆಯಿಂದ ನೂರಿಪ್ಪತ್ತು ಮೆಷಿನ್‌ಗಳು ಒಟ್ಟಿಗೆ ಓಡುವ ಸದ್ದು ಕೇಳುತ್ತಿತ್ತು. ಅದರಲ್ಲಿ ಎರಡು ಕುಂಟುತ್ತಿರುವುದು ಅವನ ಕಿವಿಗೆ ಅಲ್ಲಿಂದಲೇ ತಿಳಿಯಿತು. ಕೈ ತುರಿಸಿತು.

ಯಜಮಾನರು ದಿಂಬಿಗೆ ಒರಗಿ ಕೂತಿದ್ದರು. ಗೆಲುವಾಗಿಯೇ ಇದ್ದರು. ಕೈ ಚಾಚಿದರು. ಎಣ್ಣೆಬುಡ್ಡಿ ಹಿಡಿದ. ಇನ್ನು ಸುಮ್ಮನಿದ್ದರೆ ಕೆಟ್ಟೆ, ಇಲ್ಲೇ ಹೇಳಿಬಿಡಬೇಕು, ನಕ್ಕು ಕ್ಷಮಿಸಿದರೂ ಕ್ಷಮಿಸಬಹುದು ಎಂದು ಗಂಟಲು ಸರಿಮಾಡಿಕೊಂಡ.

"ಇವಳಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ ಗೊತ್ತಾ ಡಾಕ್ಟ್ರೇ?" ಎಂದರು ಯಜಮಾನರು. "ಹೋದ ವರ್ಷ ಒಬ್ಬ ನಕಲಿ ಡಾಕ್ಟ್ರು ಬಂದಿದ್ದ. ಕೈ ಹಿಡಿಯೋ ರೀತಿ ನೋಡೇ ಕಂಡುಹಿಡಿದುಬಿಟ್ಟಳು. ಈಗ ಜೈಲಲ್ಲಿದಾನೆ."

ಎಣ್ಣೆಬುಡ್ಡಿ ಹಿಡಿದ ಕೈಯನ್ನು ಮತ್ತೆ ಸರಿಮಾಡಿ ಹಿಡಿದ. ಬೆಳಗಿನಿಂದ ನಿಜ ಹೇಳಲು ಹೋದರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಈಗ ಹೇಳಿದರೆ ಖಂಡಿತ ಕೇಳಿಸಿಕೊಳ್ಳುತ್ತಾರೆ. ಅದೇ ಭಯ. ಗೋಡೆಯ ಗಡಿಯಾರ ಮೂರು ಹೊಡೆಯಿತು. ಎಣ್ಣೆಬುಡ್ಡಿ ಕೈ ಹಿಡಿದೇ ಕೂತ. ಅಮ್ಮ ನೋಡುತ್ತಲೇ ಇದ್ದರು.

ಮೂರೂ ಹತ್ತಕ್ಕೆ ಆಫೀಸಿನ ಗುಮಾಸ್ತ ಬಾಗಿಲಲ್ಲಿ ಇಣುಕಿದ. "ಸಾರ್, ಮೆಕ್ಯಾನಿಕ್ ಕೆಲಸಕ್ಕೆ ಇಬ್ಬರನ್ನ ಕರೆದಿದ್ವಲ್ಲ. ಒಬ್ಬ ಬಂದು ಕೂತಿದಾನೆ. ಮೆಷಿನ್ ಬಿಚ್ಚಿದ, ಮತ್ತೆ ಜೋಡ್ಸೋಕೆ ಸ್ವಲ್ಪ ಒದ್ದಾಡ್ತಿದಾನೆ. ಇನ್ನೊಬ್ಬನಿಗೆ ಇಪ್ಪತ್ತೆರಡು ವರ್ಷ ಅನುಭವ ಅಂತ ಬರೆದಿದ್ದ, ಅವನೇ ಬೇಕು ಅಂತಿದ್ರಿ. ಅವನ ಪತ್ತೇನೇ ಇಲ್ಲ. ಇನ್ನೊಂದು ಅರ್ಧ ಗಂಟೆ ಕಾಯೋಣ್ವಾ?"

"ಕಾಯೋದೇ?" ಯಜಮಾನರ ದನಿ ಏರಿತು. "ಸರಿಯಾಗಿ ಅಂತ ಕೆಂಪು ಗೆರೆ ಎಳೆದು ಬರ್ದಿದ್ದೆ, ಅದೂ ಎರಡು! ಬಂದವನಿಗೇ ಕೊಟ್ಟುಬಿಡು. ಒದ್ದಾಡಿದ್ರೂ ಪರವಾಗಿಲ್ಲ, ಕಲೀತಾನೆ."

"ರೀ, ಕೂಗಾಡ್ಬೇಡಿ, ಡಾಕ್ಟ್ರು ಬೇಡ ಅಂದಿಲ್ವಾ?" ಎಂದರು ಅಮ್ಮ.

ಗುಮಾಸ್ತ ಹೋದ. ಯಜಮಾನರು ಉಸಿರು ಬಿಟ್ಟು, ಎಣ್ಣೆಬುಡ್ಡಿಯ ಕಡೆ ತಿರುಗಿ ಅಕ್ಕರೆಯಿಂದ ನಕ್ಕರು. "ಈ ಕೆಲಸದವರ ಹಣೆಬರಹವೇ ಇಷ್ಟು ಡಾಕ್ಟ್ರೇ. ಕೂತಲ್ಲಿಗೆ ಕೆಲಸ ಬಂದ್ರೂ ಹೊತ್ತಿಗೆ ಸರಿಯಾಗಿ ಬರೋಕಾಗಲ್ಲ. ನಿಮ್ಮನ್ನ ನೋಡಿ ಕಲೀಬೇಕು."

"ಹೂಂ," ಎಂದ ಎಣ್ಣೆಬುಡ್ಡಿ.

"ಈ ಕೈನೂ ಒಂದ್ಸಲ ನೋಡಿಬಿಡಿ," ಎಂದು ಅವರು ಇನ್ನೊಂದು ಕೈ ಚಾಚಿದರು.

ಎಣ್ಣೆಬುಡ್ಡಿ ಅದನ್ನೂ ಹಿಡಿದು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಆಲಿಸಿದ. ಯಜಮಾನರ ಒಳಗೆ ಎಲ್ಲ ಚೆನ್ನಾಗಿಯೇ ಓಡುತ್ತಿತ್ತು.