ಮೊಮ್ಮಗಳ ಎಡಗಾಲಿನ ಬೂಟಿನ ವಿಚಾರವಾಗಿ

ವಾಯುಪಡೆಯ ಮೀಸಲು ವಿಭಾಗದ ಅಧಿಕಾರಿಗಳ ಸನ್ನಿಧಾನಕ್ಕೆ, ಕನ್ನಡಕವನ್ನು ಎರಡೆರಡು ಸಲ ಒರೆಸಿಕೊಂಡು ಬರೆಯುತ್ತಿರುವ ಅಜ್ಜಿಯೊಬ್ಬಳ ಅನಂತ ನಮಸ್ಕಾರಗಳು.

ಮಾನ್ಯರೇ,

ಹದಿನಾಲ್ಕು ವರ್ಷ ತಮ್ಮ ಸರಕು ವಿಮಾನ ಹಾರಿಸಿದ ನನ್ನ ಮೊಮ್ಮಗಳನ್ನು ಕಳೆದ ತಿಂಗಳು ಸೇವೆಯಿಂದ ಬಿಡುಗಡೆ ಮಾಡಿ, ಅದೇ ಕಾಗದದ ಕೊನೆಯ ಸಾಲಿನಲ್ಲಿ 'ಮೀಸಲು ಪಡೆಗೆ ಸೇರಿಸಲಾಗಿದೆ, ಕರೆದಾಗ ಹಾಜರಾಗತಕ್ಕದ್ದು' ಎಂದು ಬರೆದ ತಮ್ಮ ಔದಾರ್ಯವನ್ನು ಯಾವ ಬಾಯಿಂದ ಹೊಗಳಲಿ? ಎತ್ತು ಮಾರಿ ಹಗ್ಗ ಕೈಯಲ್ಲೇ ಇಟ್ಟುಕೊಂಡವರನ್ನು ನಮ್ಮೂರಲ್ಲೂ ಕಂಡಿದ್ದೇನೆ; ಅದಕ್ಕೆ ಮೊಹರು ಒತ್ತಿ ಕೊಟ್ಟವರಲ್ಲಿ ತಾವೇ ಮೊದಲಿಗರು.

ತಮ್ಮ ತರಬೇತಿಯ ಬಗ್ಗೆ ತಕರಾರಿಲ್ಲ. ವಿಮಾನ ಹಾರಿಸುವ ಮೊದಲು ಓದುತ್ತಿದ್ದಂತೆಯೇ ಒಲೆ ಹಚ್ಚುವ ಮೊದಲೂ ಅವಳು ಪಟ್ಟಿ ಓದುತ್ತಾಳೆ, ನಾನು ಪಕ್ಕದಲ್ಲಿ ನಿಂತು ಉತ್ತರ ಕೊಡಬೇಕು. 'ಗ್ಯಾಸ್?' 'ಇದೆ ಕಣೇ.' 'ಪಾತ್ರೆ?' 'ಕಣ್ಣು ಕಾಣಲ್ವಾ?' 'ಅಜ್ಜಿ, ಇದೆ, ಇಲ್ಲ, ಅಷ್ಟೇ ಹೇಳ್ಬೇಕು.' ಅಷ್ಟರಲ್ಲಿ ನನಗೆ ಕಾಫಿಯ ಆಸೆಯೇ ಇಳಿದಿರುತ್ತದೆ.

ನನ್ನ ದೂರು ಬಾಗಿಲ ಪಕ್ಕದ ಚೀಲದ್ದು. ಕರೆ ಬಂದೀತೆಂದು ಬಟ್ಟೆ, ಕಾಗದಪತ್ರ ತುಂಬಿ, ಪಕ್ಕದಲ್ಲಿ ಬೂಟು ಜೋಡಿಸಿಟ್ಟ ಆ ಚೀಲವನ್ನು ಅವಳು ಬಿಚ್ಚುವುದೇ ಇಲ್ಲ. ಅವಳ ಆರು ವರ್ಷದ ಮಗಳು ಶಾಲೆಗೆ ಹೊರಡುವಾಗ ದಿನವೂ ಅದರ ಮೇಲೆಯೇ ಕುಳಿತು ಶೂ ಹಾಕಿಸಿಕೊಳ್ಳುತ್ತಾ, 'ನಾನು ಬರೋವಾಗ ಇರ್ತೀಯಾ ಅಮ್ಮ?' ಎಂದು ಕೇಳುತ್ತಾಳೆ. ಬಿರುಗಾಳಿಯಲ್ಲಿ ವಿಮಾನ ಇಳಿಸಿದ ಹೆಂಗಸು, ಮಗುವಿನ ಮುಖ ನೋಡಲಾರದೆ ದಾರದ ಗಂಟು ನೋಡುತ್ತಾ, 'ಕರೆ ಬರದಿದ್ರೆ ಇರ್ತೀನಿ ಪುಟ್ಟಿ' ಎನ್ನುತ್ತಾಳೆ. ಒಂದು ಸುಳ್ಳು ಹೇಳೇ ಅಂದರೆ ಬರುವುದಿಲ್ಲ. ಅದೊಂದನ್ನು ತಾವು ಕಲಿಸಿಲ್ಲ.

ಆದ್ದರಿಂದ ಕೋರುವುದೇನೆಂದರೆ, ಎದೆಯ ಮೇಲೆ ಅತಿ ಹೆಚ್ಚು ಪದಕಗಳಿರುವ ಅಧಿಕಾರಿಯೊಬ್ಬರನ್ನು ದಿನವೂ ಬೆಳಗ್ಗೆ ಎಂಟಕ್ಕೆ ನಮ್ಮ ಮನೆಗೆ ಕಳಿಸಿಕೊಡಬೇಕು. ಅವರು ಮಂಡಿಯೂರಿ ಆ ಮಗುವಿನ ಶೂ ದಾರ ಕಟ್ಟಿ, 'ಇರ್ತಾಳೆ' ಅಥವಾ 'ಇರಲ್ಲ' ಎಂದು ಅವಳ ಮುಖ ನೋಡಿ ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪ ಇಡಕೂಡದು.

ತಮ್ಮ ವಿಶ್ವಾಸಿ,
ಕರೆದರೂ ಕರೆಯದಿದ್ದರೂ ಮನೆಯಲ್ಲೇ ಇರುವ ಅಜ್ಜಿ

ಮರೆತ ಮಾತು: ಕರೆ ಬಂದರೆ ಪೂರ್ಣ ಸಮವಸ್ತ್ರದಲ್ಲಿ ಹಾಜರಾಗಬೇಕೆಂದು ತಮ್ಮ ಕಾಗದದಲ್ಲಿದೆ. ಎಡಗಾಲಿನ ಬೂಟಿಗೆ ಮಣ್ಣು ತುಂಬಿ ನಾನೂ ಪುಟ್ಟಿಯೂ ಕೊತ್ತಂಬರಿ ಬಿತ್ತಿದ್ದೇವೆ, ಚಿಗುರಿದೆ. ಮೊನ್ನೆ ಮೊಮ್ಮಗಳ ಕಣ್ಣಿಗೆ ಬಿತ್ತು. ಬೈಯುತ್ತಾಳೆ ಎಂದುಕೊಂಡೆ, ಒಂದು ಲೋಟ ನೀರು ಹಾಕಿ ಹೋದಳು. ತಮಗೆ ತೀರಾ ಅವಸರವಿದ್ದರೆ ಬಲಗಾಲನ್ನು ಮಾತ್ರ ಕರೆಸಿಕೊಳ್ಳಬಹುದು.